ಮೂರು ಕಾಪಿ ಇತ್ತು, ಮೂರರಲ್ಲೂ ಇರ್ಲಿಲ್ಲ

ಪೀಣ್ಯದಲ್ಲಿ ಒಂದು ಫ್ಯಾಕ್ಟರಿ, ಹೆಸರು ಬೇಡ ಬಿಡಿ, ಅಲ್ಲಿ ಮೇಲ್ ಸರ್ವರ್ ನೋಡ್ಕೊಳ್ಳೋದು ನನ್ ಕೆಲಸ, ಹತ್ತು ವರ್ಷದ ಮೇಲಾಯ್ತು. ಹೋದ ವಾರ ಹಳೇ ಕೊಲೀಗ್ ಒಬ್ಬ ಮಲ್ಲೇಶ್ವರದಲ್ಲಿ ಸಿಕ್ದ, ನಿಂತ್ಕೊಂಡೇ ಬೈ ಟೂ ಕಾಫಿ ಕುಡೀತಾ ಇರ್ಬೇಕಾದ್ರೆ ಕೇಳ್ದ, "ನಮ್ ಕಡೆ ಮೂರು ಕಾಪಿ ಇದೆ ಗುರು, ಒಂದು ಹೋದ್ರೆ ಇನ್ನೊಂದು, ಇನ್ನು ಬ್ಯಾಕಪ್ ಸಾಫ್ಟ್‌ವೇರ್‌ಗೆ ವರ್ಷ ವರ್ಷ ಯಾಕೆ ದುಡ್ಡು ಸುರೀಬೇಕು?" ನಂಗೆ ನಗು ಬಂತು. ಯಾಕಂದ್ರೆ 2019ರ ತನಕ ನಾನೂ ಇದೇ ಮಾತು ಹೇಳ್ಕೊಂಡು ಓಡಾಡ್ತಿದ್ದೆ, ಮೀಟಿಂಗಲ್ಲಿ ಪಿಪಿಟಿ ಹಾಕಿ ಬೇರೆ ಹೇಳಿದೀನಿ. ಅವ್ನಿಗೆ ಅರ್ಧ ಕಥೆ ಹೇಳೋಷ್ಟ್ರಲ್ಲಿ ಕಾಫಿ ಮುಗೀತು, ಪೂರ್ತಿ ಇಲ್ಲಿ ಬರೀತಿದೀನಿ.

ಮೊದ್ಲು ಸೆಟಪ್ ಹೇಳ್ಬಿಡ್ತೀನಿ. ಎಕ್ಸ್‌ಚೇಂಜ್ 2016 (ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಸಾಫ್ಟ್‌ವೇರ್), 600 ಚಿಲ್ಲರೆ ಮೇಲ್‌ಬಾಕ್ಸ್, ಮೂರು ಸರ್ವರ್. ಎರಡು ಪೀಣ್ಯದಲ್ಲೇ ಫ್ಯಾಕ್ಟರಿ ಒಳಗೆ, ಮೂರನೇದು ವೈಟ್‌ಫೀಲ್ಡ್ ಕಡೆ ಒಂದು ಡೇಟಾಸೆಂಟರಲ್ಲಿ ಬಾಡಿಗೆಗೆ. ಮೂರೂ ಸೇರಿ ಒಂದು ಡ್ಯಾಗ್, ಅಂದ್ರೆ ಡೇಟಾಬೇಸ್ ಅವೈಲಬಿಲಿಟಿ ಗ್ರೂಪ್, ಇದು ಎಕ್ಸ್‌ಚೇಂಜ್ 2010ರಿಂದ ಬಂದಿದ್ದು. ಇದು ಕೆಲಸ ಮಾಡೋ ರೀತಿ ಸಿಂಪಲ್ಲು: ಮೇಲ್‌ಬಾಕ್ಸಲ್ಲಿ ಏನೇ ಬದಲಾದ್ರೂ ಅದು ಮೊದ್ಲು ಲಾಗ್ ಫೈಲ್‌ಗೆ ಹೋಗುತ್ತೆ, ಒಂದೊಂದು ಲಾಗ್ 1 ಎಂಬಿ, ಆಮೇಲೆ ಡೇಟಾಬೇಸಿಗೆ. ಆ ಲಾಗ್‌ನ ಬಾಕಿ ಸರ್ವರ್‌ಗಳಿಗೆ ಕಳಿಸ್ತಾನೇ ಇರುತ್ತೆ, ಅವು ತಮ್ಮ ಕಾಪಿ ಮೇಲೆ ಅದನ್ನ ರೀಪ್ಲೇ ಮಾಡ್ಕೊತವೆ, ಅಂದ್ರೆ ಅದೇ ಬದಲಾವಣೆನ ತಾವೂ ಮಾಡ್ಕೊತವೆ. ಅಷ್ಟೆ. ಬರೆದಿದ್ದು ಏನು, ಒಳ್ಳೇದಾ ಕೆಟ್ಟದ್ದಾ ಅಂತ ಯಾವ ಸರ್ವರೂ ಕೇಳಲ್ಲ.

ಇದು ಎಷ್ಟು ಚೆನ್ನಾಗಿ ಕೆಲಸ ಮಾಡ್ತಿತ್ತು ಅಂದ್ರೆ ನಮ್ಗೆ ಕೊಬ್ಬು ಬಂದುಬಿಟ್ಟಿತ್ತು. 2018ರ ಬೇಸಿಗೇಲಿ ಒಂದಿನ ಮಧ್ಯಾಹ್ನ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಊದ್ಕೊಂಡಿದ್ದು ಯಾರೂ ನೋಡಿರ್ಲಿಲ್ಲ, ಜನರೇಟರ್ ಎದ್ದೇಳೋ ಮುಂಚೆ ಮೊದಲನೇ ಸರ್ವರ್ ಢಮಾರ್. ನಾನು ಊಟದ ಡಬ್ಬಿ ಬಿಟ್ಟು ಓಡ್ದೆ. ಹೋಗಿ ನೋಡಿದ್ರೆ ಎರಡನೇ ಸರ್ವರ್ ಅರ್ಧ ನಿಮಿಷದೊಳಗೆ ಎಲ್ಲಾ ಡೇಟಾಬೇಸ್ ಮೌಂಟ್ ಮಾಡ್ಕೊಂಡು (ತೆರೆದು ಚಾಲೂ ಮಾಡ್ಕೊಂಡು) ಕೂತಿದೆ, ಒಬ್ರೂ ಫೋನ್ ಮಾಡಿರ್ಲಿಲ್ಲ, ಔಟ್‌ಲುಕ್ ಕ್ಯಾಷ್ಡ್ ಮೋಡಲ್ಲಿ (ಮೇಲ್‌ಗಳ ಒಂದು ಕಾಪಿ ಅವರವರ ಕಂಪ್ಯೂಟರಲ್ಲೇ ಇಟ್ಕೊಳ್ಳೋ ರೀತಿ) ಇದ್ದಿದ್ರಿಂದ ಯಾರಿಗೂ ಗೊತ್ತೇ ಆಗಿಲ್ಲ. ವರ್ಷಕ್ಕೆ 99.9 ಪರ್ಸೆಂಟ್ ಅಪ್‌ಟೈಮ್ ಅಂದ್ರೆ ಸುಮಾರು 8 ಮುಕ್ಕಾಲು ಗಂಟೆ ಮಲಗ್ಬಹುದು, 99.99 ಅಂದ್ರೆ 52 ನಿಮಿಷ, ನಾವು ಆ ವರ್ಷ ಆ 52 ನಿಮಿಷದಲ್ಲೂ ಉಳಿಸಿದ್ವಿ. ಪಿಪಿಟಿ ಹಾಕಿದ್ದು ಆಗ್ಲೇ.

ಇನ್ನೊಂದ್ಸಲ ತುಮಕೂರು ರಸ್ತೆ ಕಡೆ ಯಾರೋ ಅಗೆದು ಫೈಬರ್ ಕಟ್ ಮಾಡಿದ್ರು (ಬೆಂಗಳೂರಲ್ಲಿ ಇದನ್ನ ಡಿಸಾಸ್ಟರ್ ಅನ್ನಲ್ಲ, ಮಂಗಳವಾರ ಅಂತಾರೆ). ಮ್ಯಾನೇಜರ್ ಕೇಳಿದ್ರು, ವೈಟ್‌ಫೀಲ್ಡ್ ಸರ್ವರ್ ಯಾಕೆ ಎದ್ದು ನಿಲ್ಲಿಲ್ಲ, ಅದಕ್ಕೇ ತಾನೇ ಬಾಡಿಗೆ ಕಟ್ತಿರೋದು ಅಂತ. ಮೂರರಲ್ಲಿ ಎರಡು ಒಬ್ಬರನ್ನೊಬ್ಬರು ನೋಡ್ತಾ ಇದ್ರೆ ಮಾತ್ರ ಕೋರಮ್, ಅಂದ್ರೆ ಕೆಲಸ ನಡೆಸೋಕೆ ಬೇಕಾದ ಬಹುಮತ. ಒಂಟಿಯಾಗಿ ಉಳಿದಿದ್ದು ತಾನಾಗೇ ಸುಮ್ನಾಗ್ಬೇಕು, ಇಲ್ಲಾಂದ್ರೆ ಇಲ್ಲೂ ಮೇಲ್ ಬರೀತಾರೆ ಅಲ್ಲೂ ಬರೀತಾರೆ, ಆಮೇಲೆ ಎರಡನ್ನೂ ಸೇರಿಸೋಕೆ ಬ್ರಹ್ಮನೇ ಬರ್ಬೇಕು. ಹೊರಗಿಂದ ಬರೋ ಮೇಲ್‌ಗೆ ಏನೂ ಆಗಲ್ಲ, ಕಳಿಸಿದ ಸರ್ವರ್ ತನ್ನ ಕ್ಯೂನಲ್ಲಿ ಇಟ್ಕೊಂಡು ಮತ್ತೆ ಮತ್ತೆ ಟ್ರೈ ಮಾಡುತ್ತೆ, ಎಸ್‌ಎಂಟಿಪಿ (ಸರ್ವರಿಂದ ಸರ್ವರಿಗೆ ಮೇಲ್ ಸಾಗಿಸೋ ನಿಯಮ) ಸ್ಟ್ಯಾಂಡರ್ಡ್ ಪ್ರಕಾರ ಕನಿಷ್ಠ 4–5 ದಿನ ಬಿಡದೆ ಟ್ರೈ ಮಾಡ್ಬೇಕು. ಇಮೇಲ್ ಅನ್ನೋದು ಹಳೇ ಕಾಲದ ತಾಳ್ಮೆ ಇರೋ ವ್ಯವಸ್ಥೆ. ನಮ್ಗೇ ಇಲ್ಲ ತಾಳ್ಮೆ.

ಸರಿ, ವಿಷಯಕ್ಕೆ ಬರ್ತೀನಿ. 2019, ಅಕ್ಟೋಬರ್ 3, ಗುರುವಾರ. ಹಿಂದಿನ ದಿನ ಗಾಂಧಿ ಜಯಂತಿ ರಜ, ಶನಿವಾರ ಫ್ಯಾಕ್ಟರಿಯಲ್ಲಿ ಆಯುಧ ಪೂಜೆ, ಅರ್ಧ ಜನ ರಜ ಜೋಡಿಸ್ಕೊಂಡು ಊರಿಗೆ ಹೋಗಿದ್ರು. ಬೆಳಿಗ್ಗೆ 'ಪೇಮೆಂಟ್ ಡ್ಯೂ' ಅನ್ನೋ ಸಬ್ಜೆಕ್ಟಲ್ಲಿ ಒಂದು ಫಿಶಿಂಗ್ ಮೇಲ್ ಇನ್ನೂರು ಮುನ್ನೂರು ಜನಕ್ಕೆ ಬಂತು. ಯಾರೋ ಅಟ್ಯಾಚ್‌ಮೆಂಟ್ ತೆಗೆಯೋ ಮುಂಚೆ ಎಲ್ಲರ ಇನ್‌ಬಾಕ್ಸಿಂದ ಎತ್ಬಿಡಿ ಅಂತ ಮ್ಯಾನೇಜರ್ ಆರ್ಡರ್. ನನ್ ಜೊತೆ ಇದ್ದ ಹುಡುಗ ಚುರುಕು, ಶೆಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗೆದು ಸರ್ಚ್ ಮೇಲ್‌ಬಾಕ್ಸ್ ಕಮಾಂಡ್ ಟೈಪ್ ಮಾಡ್ದ, ಕೊನೇಲಿ ಡಿಲೀಟ್ ಕಂಟೆಂಟ್ ಮತ್ತೆ ಫೋರ್ಸ್, ಅಂದ್ರೆ ಸಿಕ್ಕಿದ್ದನ್ನ ಮತ್ತೆ ಕೇಳದೇ ಅಳಿಸು ಅಂತ. "ಸರ್, ಹೊಡೀಲಾ?" ಅಂದ. ನಾನು ಹಿಂದೆ ನಿಂತು, ಒಂದು ಕೈಲಿ ಫೋನು, ಸ್ಕ್ರೀನ್ ನೋಡಿ "ಹೊಡಿ" ಅಂದೆ.

ಸಬ್ಜೆಕ್ಟ್ ಸುತ್ತ ಇರ್ಬೇಕಾದ ಕೋಟ್ಸ್ ಇರ್ಲಿಲ್ಲ.

ಕೋಟ್ಸ್ ಹಾಕಿದ್ರೆ ಸಬ್ಜೆಕ್ಟಲ್ಲಿ ಆ ಎರಡು ಪದ ಒಟ್ಟಿಗೆ ಇರೋ ಮೇಲ್ ಮಾತ್ರ. ಹಾಕದೇ ಇದ್ರೆ ಅರ್ಥ ಏನಾಗುತ್ತೆ ಅಂದ್ರೆ ಸಬ್ಜೆಕ್ಟಲ್ಲಿ 'ಪೇಮೆಂಟ್' ಇರ್ಬೇಕು, ಜೊತೆಗೆ 'ಡ್ಯೂ' ಅನ್ನೋದು ಮೇಲ್‌ನಲ್ಲಿ ಎಲ್ಲಾದ್ರೂ ಒಂದ್ಕಡೆ ಇದ್ರೆ ಸಾಕು. ಒಂದು ಫ್ಯಾಕ್ಟರಿಯ ಅಕೌಂಟ್ಸ್, ಪರ್ಚೇಸ್, ಸೇಲ್ಸ್ ಡಿಪಾರ್ಟ್‌ಮೆಂಟಿನ ಜೀವನವೇ ಅದು ತಾನೆ, ಪೇಮೆಂಟು ಡ್ಯೂ. ಅದರ ಮೇಲೆ ಸೆಪ್ಟೆಂಬರ್ 30ಕ್ಕೆ ಅರ್ಧ ವರ್ಷದ ಲೆಕ್ಕ ಮುಗಿಸಿ ಎಲ್ರೂ ಬಾಕಿ ವಸೂಲಿ ಫಾಲೋಅಪ್ಪಲ್ಲಿ ಇದ್ರು. 'ಎಸ್ಟಿಮೇಟ್ ರಿಸಲ್ಟ್ ಓನ್ಲಿ' ಅಂತ ಒಂದು ಸ್ವಿಚ್ ಇದೆ, ಅಳಿಸೋ ಮುಂಚೆ ಎಷ್ಟು ಮೇಲ್ ಸಿಗುತ್ತೆ ಅಂತ ಬರೀ ಲೆಕ್ಕ ಕೊಡುತ್ತೆ. ಅದನ್ನ ಹಾಕಿದ್ರೆ ಮುನ್ನೂರು ಬರ್ಬೇಕಾದ ಕಡೆ ಸಾವಿರಗಟ್ಟಲೆ ಬಂದಿರೋದು ಕಾಣ್ತಿತ್ತು. ಹಾಕಿಲ್ಲ.

ಸುಮಾರು ಇಪ್ಪತ್ತು ನಿಮಿಷಕ್ಕೆ ಅಕೌಂಟ್ಸಿಂದ ಮೊದಲ ಫೋನ್, "ನಮ್ ಫಾಲೋಅಪ್ ಫೋಲ್ಡರ್ ಖಾಲಿ ಆಗಿದೆಯಲ್ಲಾ?" ಕಂಟ್ರೋಲ್ ಸಿ ಹೊಡೆದು ನಿಲ್ಲಿಸಿದ್ವಿ, ಅಷ್ಟ್ರಲ್ಲಿ ಇನ್ನೂರು ಮೇಲ್‌ಬಾಕ್ಸ್ ದಾಟಿತ್ತು. ರಿಕವರ್ ಡಿಲೀಟೆಡ್ ಐಟಮ್ಸ್ ತೆಗೆದ್ರೆ ಅಲ್ಲೂ ಇಲ್ಲ. ಈ ಕಮಾಂಡಲ್ಲಿ ಅಳಿಸಿದ್ದು ಪರ್ಮನೆಂಟ್, ಸಿಂಗಲ್ ಐಟಂ ರಿಕವರಿ ಆನ್ ಇದ್ದಿದ್ರೆ ಮಾತ್ರ ಬಳಕೆದಾರನಿಗೆ ಕಾಣದ ಒಂದು ಮೂಲೇಲಿ ಉಳ್ಕೊಂಡಿರ್ತಿತ್ತು, ಡೀಫಾಲ್ಟ್ 14 ದಿನ. ನಮ್ಮದೇ ಆದ ಸರ್ವರಲ್ಲಿ ಅದು ಆಫ್ ಆಗೇ ಬರುತ್ತೆ, ನಾವೇ ಆನ್ ಮಾಡ್ಬೇಕು. ಮಾಡಿರ್ಲಿಲ್ಲ.

ಆಮೇಲೆ ನಾನು ಮಾಡಿದ್ದು ಏನು ಗೊತ್ತಾ, ನಾಚಿಕೆ ಆಗುತ್ತೆ ಹೇಳೋಕೆ, ಡೇಟಾಬೇಸ್ ಕಾಪಿ ಸ್ಟೇಟಸ್ ತೆಗೆದು ನೋಡ್ದೆ. ವೈಟ್‌ಫೀಲ್ಡ್ ಕಾಪಿ ಸ್ವಲ್ಪ ಹಿಂದೆ ಬಿದ್ದಿರ್ಲಪ್ಪ, ಯಾರಾದ್ರೂ ರಸ್ತೆ ಅಗೆದು ಫೈಬರ್ ಕಟ್ ಮಾಡಿರ್ಲಿ ಅಂತ ಬೇಡ್ಕೊಂಡೆ. ಕಾಪಿ ಕ್ಯೂ ಸೊನ್ನೆ, ರೀಪ್ಲೇ ಕ್ಯೂ ಸೊನ್ನೆ, ಅಂದ್ರೆ ತಲುಪಬೇಕಾದ ಲಾಗ್ ಒಂದೂ ಬಾಕಿ ಇಲ್ಲ, ಮೂರೂ ಕಡೆ ಹೆಲ್ದಿ ಹೆಲ್ದಿ ಹೆಲ್ದಿ. ಕೋಟಿ ಕೊಟ್ಟು ಕಟ್ಟಿದ ವ್ಯವಸ್ಥೆ ನಮ್ಮ ತಪ್ಪನ್ನ ಕೆಲವೇ ಸೆಕೆಂಡಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ನಿಯತ್ತಾಗಿ ತಲುಪಿಸಿತ್ತು, ಸಿಲ್ಕ್ ಬೋರ್ಡ್ ಟ್ರಾಫಿಕ್ ಕೂಡ ಅಡ್ಡ ಬರ್ಲಿಲ್ಲ.

ಇದೇ ಥರ ಗೂಗಲ್‌ಗೂ ಆಗಿತ್ತು, ಅದು ನಂಗೆ ಆಮೇಲೆ ಓದಿದಾಗ ಸ್ವಲ್ಪ ಸಮಾಧಾನ ಆಯ್ತು. 2011ರ ಫೆಬ್ರವರಿ ಕೊನೇಲಿ ಸ್ಟೋರೇಜ್ ಸಾಫ್ಟ್‌ವೇರ್ ಅಪ್‌ಡೇಟಿನ ಒಂದು ಬಗ್‌ನಿಂದ ಜಿಮೇಲ್ ಬಳಕೆದಾರರಲ್ಲಿ ಸುಮಾರು 0.02 ಪರ್ಸೆಂಟ್ ಜನರ ಇನ್‌ಬಾಕ್ಸ್ ಖಾಲಿಯಾಯ್ತು. ಅವ್ರ ಹತ್ರ ಬೇರೆ ಬೇರೆ ಡೇಟಾಸೆಂಟರಲ್ಲಿ ಎಷ್ಟೋ ಕಾಪಿ ಇತ್ತು, ಆದ್ರೆ ಬಗ್ ಎಲ್ಲಾ ಕಾಪಿಗೂ ತಟ್ಟಿತ್ತು. ವಾಪಸ್ ತಂದಿದ್ದು ಎಲ್ಲಿಂದ ಅಂದ್ರೆ ಟೇಪಿಂದ. ಹೌದು, ಕ್ಯಾಸೆಟ್ ಥರ ಟೇಪು. ನೆಟ್‌ವರ್ಕಿಗೆ ತಾಗದೆ ಕಪಾಟಲ್ಲಿ ಕೂತಿರೋ ವಸ್ತುವಿಗೆ ಬಗ್ ಹೋಗಿ ತಾಗೋಕೆ ಆಗಲ್ಲ.

ಆವತ್ತು ನಾನು ಸರಿಯಾಗಿ ಮಾಡಿದ ಕೆಲಸ ಎರಡೇ. ಒಂದು, ಆ ರಾತ್ರಿಯ ಬ್ಯಾಕಪ್ ಜಾಬ್ ನಿಲ್ಲಿಸಿದ್ದು, ಯಾಕಂದ್ರೆ ಬ್ಯಾಕಪ್ ಮುಗಿದ್ಮೇಲೆ ಲಾಗ್‌ಗಳು ಅಳಿಸಿ ಹೋಗ್ತವೆ, ನಮ್ಗೆ ಗುರುವಾರ ಬೆಳಗಿನ ಲಾಗ್‌ಗಳು ಬೇಕಿತ್ತು. ಎರಡು, ಅಕೌಂಟ್ಸ್ ಹೆಡ್‌ಗೆ ಫೋನ್ ಮಾಡಿದ್ದು. ಅವ್ರು ಹಾಸನದ ಹತ್ರ ಊರಲ್ಲಿದ್ರು, ಲ್ಯಾಪ್‌ಟಾಪ್ ಬ್ಯಾಗಲ್ಲಿ ಮಂಗಳವಾರ ಸಂಜೆಯಿಂದ ಆಫ್. "ಸರ್, ಕೈ ಮುಗೀತೀನಿ, ಲ್ಯಾಪ್‌ಟಾಪ್ ಆನ್ ಮಾಡ್ಬೇಡಿ, ಮಾಡಿದ್ರೂ ವೈಫೈ ಹಾಕ್ಬೇಡಿ" ಅಂದೆ. ಅದರಲ್ಲಿದ್ದ ಓಎಸ್‌ಟಿ ಫೈಲಲ್ಲಿ (ಔಟ್‌ಲುಕ್ ಲ್ಯಾಪ್‌ಟಾಪಲ್ಲೇ ಇಟ್ಕೊಳ್ಳೋ ಕಾಪಿ) ಎಲ್ಲಾ ಮೇಲ್ ಹಾಗೇ ಇತ್ತು, ಸರ್ವರ್ ಜೊತೆ ಸಿಂಕ್ ಆದ ಕ್ಷಣ ಅದೂ ಹೋಗ್ತಿತ್ತು. ಅವ್ರು ಅಂದ್ರು, "ನೀವು ಹೇಳ್ದೇ ಇದ್ರೂ ಇಲ್ಲಿ ಇಂಟರ್ನೆಟ್ ಸಿಗ್ನಲ್ ಇಲ್ಲ ಮಾರಾಯ್ರೆ."

ಮೂರು ಸರ್ವರ್ ಇದ್ದೂ ನಮ್ಮ ಹತ್ರ ಇದ್ದ ಒಂದೇ ಒಂದು ಲ್ಯಾಗ್ಡ್ ಕಾಪಿ (ಬೇಕಂತಲೇ ಕೆಲವು ದಿನ ಹಿಂದೆ ಇಡೋ ಕಾಪಿ) ಅಂದ್ರೆ ಹಾಸನದ ಹಳ್ಳೀಲಿ ಬ್ಯಾಗಲ್ಲಿ ಮಲಗಿದ್ದ ಆ ಲ್ಯಾಪ್‌ಟಾಪು.

ಇನ್ನು ರಿಸ್ಟೋರ್. ಅಕೌಂಟ್ಸಿನವರ ಡೇಟಾಬೇಸ್ 600 ಜಿಬಿ. ಭಾನುವಾರದ ಫುಲ್ ಬ್ಯಾಕಪ್ ಬೇಕು, ಅದರ ಮೇಲೆ ಸೋಮ ಮಂಗಳ ಬುಧ ರಾತ್ರಿಯ ಇನ್‌ಕ್ರಿಮೆಂಟಲ್ (ಆವಾಗಿಂದ ಬದಲಾಗಿದ್ದು ಮಾತ್ರ) ಲಾಗ್‌ಗಳು, ಅದರ ಮೇಲೆ ಸರ್ವರಲ್ಲೇ ಉಳಿದಿರೋ ಗುರುವಾರ ಬೆಳಗಿನ ಲಾಗ್‌ಗಳು, ಇದರಲ್ಲಿ ಒಂದು ಕೊಂಡಿ ತಪ್ಪಿದ್ರೂ ಅಲ್ಲಿಗೇ ನಿಲ್ಲುತ್ತೆ. ಅದನ್ನ ಇಳಿಸೋಕೆ ಜಾಗ ಬೇಕಲ್ಲ, ನೋಡಿದ್ರೆ ಯಾವ ಸರ್ವರಲ್ಲೂ 600 ಜಿಬಿ ಖಾಲಿ ಇಲ್ಲ! ಬ್ಯಾಕಪ್‌ಗೆ ಅಂತ ಲಕ್ಷಗಟ್ಟಲೆ ಖರ್ಚು ಮಾಡಿದೀವಿ, ವಾಪಸ್ ಇಳಿಸೋಕೆ ಜಾಗ ಬೇಕಾಗುತ್ತೆ ಅಂತ ಯಾರಿಗೂ ಹೊಳೆದಿಲ್ಲ. ಎರಡನೇ ಸರ್ವರಲ್ಲಿ ಒಂದು ಡಿಸ್ಕ್ ಸ್ಲಾಟ್ ಖಾಲಿ ಇತ್ತು. ಪೀಣ್ಯ ಇಂಡಸ್ಟ್ರಿ ಸ್ಟೇಷನ್ನಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರೋಡ್‌ಗೆ ನಡೆದೆ. 4 ಟಿಬಿ ಸಾಟಾ ಡಿಸ್ಕ್ ಮೊದಲ ಅಂಗಡೀಲೇ ಸಿಕ್ತು, ಆದ್ರೆ ಸರ್ವರ್ ಸ್ಲಾಟಿಗೆ ಕೂರಿಸೋ ಕ್ಯಾಡಿ ಬೇಕಲ್ಲ, ಆ ತಗಡಿನ ಫ್ರೇಮು, ಅದಕ್ಕೆ ಆರು ಅಂಗಡಿ ಅಲೆದೆ. ಕೊನೆಗೆ ಒಂದು ಮಹಡಿ ಮೇಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಯವ್ನು ಗೋಣಿಚೀಲದೊಳಗೆ ಕೈ ಹಾಕಿ ಮೀನು ಹಿಡಿಯೋ ಥರ ಒಂದು ಎತ್ತಿ ಕೊಟ್ಟ. ಸರ್ವರ್ ಡೌನ್ ಆಗಿರೋರ ಮುಖ ನೋಡಿದ್ರೇ ಅವ್ರಿಗೆ ಗೊತ್ತಾಗುತ್ತೆ ಅನ್ಸುತ್ತೆ, ಚೌಕಾಸಿಗೆ ಒಂದು ರೂಪಾಯಿ ಬಿಡ್ಲಿಲ್ಲ.

ಸಂಜೆ ಆರಕ್ಕೆ ರಿಸ್ಟೋರ್ ಶುರು. ಬ್ಯಾಕಪ್ ಡಬ್ಬದಿಂದ ಸೆಕೆಂಡಿಗೆ 40 ಎಂಬಿ ಬರ್ತಿತ್ತು, ಲೆಕ್ಕ ಹಾಕಿ, ನಾಲ್ಕು ಗಂಟೆ ಮೇಲೆ. ಬ್ಯಾಕಪ್ ಕಂಪನಿಯ ಬ್ರೋಷರ್‌ಗಳಲ್ಲಿ ಬ್ಯಾಕಪ್ ಸ್ಪೀಡ್ ದೊಡ್ಡ ಅಕ್ಷರದಲ್ಲಿ ಇರುತ್ತೆ, ರಿಸ್ಟೋರ್ ಸ್ಪೀಡ್ ಹುಡುಕಿ ನೋಡಿ ಒಂದ್ಸಲ.

ಈಗ ಸೂಕ್ಷ್ಮದ ಕೆಲಸ. ಎಲ್ಲಾ ಲಾಗ್ ರೀಪ್ಲೇ ಮಾಡಿದ್ರೆ ನಮ್ಮ ಡಿಲೀಟ್ ಕೂಡ ರೀಪ್ಲೇ ಆಗಿ ಮತ್ತೆ ಅಲ್ಲಿಗೇ ಬಂದು ನಿಲ್ತೀವಿ. ಹಾಗಾಗಿ ಹುಡುಗ ಎಂಟರ್ ಹೊಡೆದ ನಿಮಿಷಕ್ಕಿಂತ ಮುಂಚಿನ ಲಾಗ್‌ಗಳನ್ನ ಮಾತ್ರ ಬಿಟ್ಟು ಉಳಿದದ್ದನ್ನ ಬೇರೆ ಫೋಲ್ಡರಿಗೆ ಎತ್ತಿಡಬೇಕು. ಒಂದೊಂದು ಲಾಗ್ 1 ಎಂಬಿ ಮಾತ್ರ ಅಂದ್ನಲ್ಲ, ಅದರ ಉಪಯೋಗ ಇಲ್ಲಿ ಗೊತ್ತಾಗುತ್ತೆ, ಫೈಲಿನ ಟೈಮ್ ನೋಡ್ಕೊಂಡು ಹೆಚ್ಚುಕಡಿಮೆ ನಿಮಿಷದ ಲೆಕ್ಕದಲ್ಲಿ ಕತ್ತರಿಸಬಹುದು. ಚೆಕ್‌ಪಾಯಿಂಟ್ ಫೈಲ್ (ಎಲ್ಲಿ ತನಕ ರೀಪ್ಲೇ ಆಗಿದೆ ಅನ್ನೋ ಗುರುತು) ಎತ್ತಿಟ್ಟು, ಇಎಸ್ಇಯುಟಿಲ್ ಅನ್ನೋ ಎಕ್ಸ್‌ಚೇಂಜಿನ ಡೇಟಾಬೇಸ್ ಟೂಲಲ್ಲಿ ಸ್ಲ್ಯಾಶ್ ಆರ್, ಅಂದ್ರೆ ಲಾಗ್ ರೀಪ್ಲೇ, ಜೊತೆಗೆ ಸ್ಲ್ಯಾಶ್ ಎ. ಆಮೇಲೆ ಸ್ಲ್ಯಾಶ್ ಎಂಎಚ್ ಹಾಕಿ ನೋಡಿದ್ರೆ 'ಡರ್ಟಿ ಶಟ್‌ಡೌನ್' ಅಂತ ಇದ್ದಿದ್ದು 'ಕ್ಲೀನ್ ಶಟ್‌ಡೌನ್' ಆಗಿರ್ಬೇಕು. ರಾತ್ರಿ ಒಂದು ಗಂಟೆಗೆ ಆ 'ಕ್ಲೀನ್' ಪದ ನೋಡಿದಾಗ ಆದ ಸಂತೋಷ ಮಗ ಹುಟ್ಟಿದಾಗ್ಲೂ ಆಗಿರ್ಲಿಲ್ಲ, ಮನೇಲಿ ಹೇಳ್ಬೇಡಿ. (ನೆಟ್ಟಲ್ಲಿ ಹುಡುಕಿದ್ರೆ ಎಲ್ಲಾ ಕಡೆ ಸ್ಲ್ಯಾಶ್ ಪಿ ಹಾಕಿ ಸರಿ ಆಗುತ್ತೆ ಅಂತಾರೆ. ಅದು ರಿಪೇರಿ ಅಲ್ಲ, ಓದೋಕಾಗದ ಪುಟಗಳನ್ನ ಹರಿದು ಬಿಸಾಕೋದು. ಬೇರೆ ಯಾವ ದಾರೀನೂ ಇಲ್ಲದಾಗ ಮಾತ್ರ ಮುಟ್ಟಿ.) ಅದನ್ನ ರಿಕವರಿ ಡೇಟಾಬೇಸ್ ಆಗಿ ಮೌಂಟ್ ಮಾಡಿ ಒಬ್ಬೊಬ್ಬರ ಮೇಲ್‌ಬಾಕ್ಸಿಗೆ ರಿಸ್ಟೋರ್ ರಿಕ್ವೆಸ್ಟ್ ಹಾಕ್ತಾ ಹೋದ್ವಿ. ಶುಕ್ರವಾರ ಬೆಳಿಗ್ಗೆ ಅಕೌಂಟ್ಸ್ ಪೂರ್ತಿ ವಾಪಸ್.

ನಾಲ್ಕನೇ ಡೇಟಾಬೇಸ್ ಹುಡುಕೋಕೆ ಹೋದಾಗ ಬ್ಯಾಕಪ್ ಲಿಸ್ಟಲ್ಲಿ ಅದು ಇರ್ಲೇ ಇಲ್ಲ.

ಜುಲೈನಲ್ಲಿ ಪರ್ಚೇಸ್‌ನವ್ರಿಗೆ ಅಂತ ಹೊಸ ಡೇಟಾಬೇಸ್ ಮಾಡಿದ್ವಿ. ಬ್ಯಾಕಪ್ ಜಾಬಲ್ಲಿ ಹಳೇ ಮೂರರ ಹೆಸರು ಮಾತ್ರ ಇತ್ತು, ಅದು ತನಗೆ ಹೇಳಿದ ಮೂರನ್ನ ದಿನಾ ಶ್ರದ್ಧೆಯಿಂದ ಮುಗಿಸಿ ಹಸಿರು ಟಿಕ್ ಮೇಲ್ ಕಳಿಸ್ತಿತ್ತು, ನಾನು ದಿನಾ ಬೆಳಿಗ್ಗೆ ಆ ಹಸಿರು ನೋಡಿ ಕಾಫಿಗೆ ಹೋಗ್ತಿದ್ದೆ. ಬ್ಯಾಕಪ್ ಆಗದ ಡೇಟಾಬೇಸಿನ ಲಾಗ್‌ಗಳು ಅಳಿಸಲ್ಲ, ಗುಡ್ಡೆ ಬೀಳ್ತಾ ಹೋಗಿ ಡಿಸ್ಕ್ ತುಂಬುತ್ತೆ. ಅದು ಎಕ್ಸ್‌ಚೇಂಜ್ ಕೂಗಿ ಹೇಳೋ ರೀತಿ, ಅಪ್ಪಾ ಇದನ್ನ ಯಾರೂ ಬ್ಯಾಕಪ್ ತಗೊಂತಿಲ್ಲ ನೋಡು ಅಂತ. ಆಗಸ್ಟಲ್ಲಿ ಡಿಸ್ಕ್ ಅಲರ್ಟ್ ಬಂತು. ಆಗ ಯಾರೋ ಒಬ್ರು ಯಾಕೆ ತುಂಬ್ತಿದೆ ಅಂತ ಕೇಳೋ ಬದಲು ಸರ್ಕ್ಯುಲರ್ ಲಾಗಿಂಗ್ ಅನ್ನೋ ಬಾಕ್ಸಿಗೆ ಟಿಕ್ ಹಾಕಿದ್ರು, ಎಲ್ಲಾ ಕಾಪಿಗೂ ತಲುಪಿದ ಲಾಗ್ ತಾನಾಗೇ ಅಳಿಸಿ ಹೋಗುತ್ತೆ, ಅಲರ್ಟ್ ನಿಂತೋಯ್ತು. ಅಡ್ಮಿನ್ ಆಡಿಟ್ ಲಾಗ್ ತೆಗೆದು ಯಾರು ಅಂತ ನೋಡಿದೆ. ನಾನೇ.

ಹುಡುಗನ್ನ ಬಯ್ಯೋಕೆ ಅಂತ ಇಟ್ಕೊಂಡಿದ್ದ ಮಾತೆಲ್ಲಾ ಅಲ್ಲಿಗೆ ನುಂಗ್ಕೊಂಡೆ. ಅವ್ನು ಮರೆತಿದ್ದು ಎರಡು ಕೋಟ್ಸು, ನಾನು ಮರೆತಿದ್ದು ಒಂದು ಡೇಟಾಬೇಸು.

ಪರ್ಚೇಸಿನ ಹನ್ನೊಂದು ಜನರ ಮೇಲ್‌ಬಾಕ್ಸ್ ಆ ಇಪ್ಪತ್ತು ನಿಮಿಷದಲ್ಲಿ ಸಿಕ್ಕಾಕ್ಕೊಂಡಿತ್ತು. ಇಬ್ಬರ ಲ್ಯಾಪ್‌ಟಾಪ್ ರಜದಲ್ಲಿ ಆಫ್ ಇತ್ತು, ಅವ್ರದ್ದು ಪಿಎಸ್‌ಟಿ (ಬೇರೆಯಾಗಿ ಎತ್ತಿಡೋ ಮೇಲ್ ಫೈಲ್) ಮಾಡಿ ಉಳಿಸಿದ್ವಿ. ಹೊಸ ಡೇಟಾಬೇಸಿಗೆ ಬರೋ ಮುಂಚಿನ ಮೇಲ್‌ಗಳು ಜೂನ್ ತಿಂಗಳ ಹಳೇ ಬ್ಯಾಕಪ್ಪಲ್ಲಿ ಸಿಕ್ವು. ಜುಲೈಯಿಂದ ಅಕ್ಟೋಬರ್ ತನಕದ್ದು ಹೋಯ್ತು. ಅದನ್ನ ಕೂಡಿಸೋಕೆ ಉಳಿದಿದ್ದ ದಾರಿ ಒಂದೇ, ವೆಂಡರ್‌ಗಳಿಗೆ ಫೋನ್ ಮಾಡಿ ನೀವು ಕಳಿಸಿದ ಹಳೇ ಮೇಲ್‌ಗಳನ್ನ ಇನ್ನೊಂದ್ಸಲ ಫಾರ್ವರ್ಡ್ ಮಾಡಿ ಅಂತ ಕೇಳೋದು. ಹೋದ ಮೇಲ್ ಯಾವ್ದು? ನಮ್ಮ ದುಡ್ಡು ಯಾವಾಗ ಕೊಡ್ತೀರಿ ಅಂತ ಅವ್ರು ಬರೆದಿದ್ದು. ನಿಮ್ಮ ಬಾಕಿ ಕೇಳಿದ ಮೇಲ್ ಮಾತ್ರ ನೋಡಿ ನೋಡಿ ಡಿಲೀಟ್ ಆಗಿದೆ ಅಂದ್ರೆ ಯಾವ ವೆಂಡರ್ ನಂಬ್ತಾನೆ ಹೇಳಿ. ರಾಜಾಜಿನಗರದ ಒಬ್ಬ ಸಪ್ಲೈಯರ್ ಹತ್ತು ಸೆಕೆಂಡ್ ಸುಮ್ನಿದ್ದು, "ಸ್ವಾಮಿ, ಮೂವತ್ತು ವರ್ಷದಿಂದ ವ್ಯಾಪಾರ ಮಾಡ್ತಿದೀನಿ, ಇಂಥ ಕಾರಣ ಇದೇ ಮೊದಲು ಕೇಳ್ತಿರೋದು" ಅಂದ್ರು. ಆ ಫೋನ್ ಪರ್ಚೇಸ್‌ನವ್ರು ಮಾಡ್ಲಿಲ್ಲ, ನನ್ ಕೈಲೇ ಮಾಡಿಸಿದ್ರು. ಸರಿಯಾದ ಶಿಕ್ಷೆ.

ಆಮೇಲೆ ಬದಲಾಯಿಸಿದ್ದು ಬೇಗ ಹೇಳ್ತೀನಿ. ಸಿಂಗಲ್ ಐಟಂ ರಿಕವರಿ ಎಲ್ಲರಿಗೂ ಆನ್. ಅಳಿಸೋ ಕಮಾಂಡ್ ಓಡಿಸೋಕೆ ಬೇಕಾಗೋ ರೋಲ್ ಎಲ್ಲರಿಂದ ತೆಗೆದು, ಬೇಕಾದಾಗ ಇಬ್ಬರು ಸೇರಿ ಹಾಕ್ಕೊಳ್ಳೋದು, ಕೆಲಸ ಮುಗಿದ ತಕ್ಷಣ ತೆಗೆಯೋದು. ವೈಟ್‌ಫೀಲ್ಡ್‌ನಲ್ಲಿ ನಾಲ್ಕನೇ ಸರ್ವರ್, ಅದರಲ್ಲಿ 7 ದಿನದ ಲ್ಯಾಗ್ಡ್ ಕಾಪಿ, ಲಾಗ್ ಬಂದ್ರೂ 7 ದಿನ ರೀಪ್ಲೇ ಮಾಡಲ್ಲ. ಎಕ್ಸ್‌ಚೇಂಜಲ್ಲಿ 14 ದಿನದ ತನಕ ಹಿಂದೆ ಇಡಬಹುದು, ಮೈಕ್ರೋಸಾಫ್ಟ್ ತಾನೇ ಹೇಳೋ ಮಾದರೀಲಿ ನಾಲ್ಕು ಕಾಪಿ, ಅದರಲ್ಲಿ ಒಂದು 7 ದಿನ ಹಿಂದೆ. ನಾಲ್ಕಾದ್ಮೇಲೆ ಕೋರಮ್ ಸರಿಸಮ ಆಗದೇ ಇರ್ಲಿ ಅಂತ ಪೀಣ್ಯದಲ್ಲಿ ಒಂದು ವಿಟ್ನೆಸ್ ಸರ್ವರ್, ಐದನೇ ವೋಟಿಗೆ. ಮತ್ತೆ ಬ್ಯಾಕಪ್ ಲಿಸ್ಟ್ ಮತ್ತು ಡೇಟಾಬೇಸ್ ಲಿಸ್ಟ್ ಎರಡನ್ನೂ ದಿನಾ ಹೋಲಿಸಿ, ವ್ಯತ್ಯಾಸ ಇದ್ರೆ ಮಾತ್ರ ಮೇಲ್ ಕಳಿಸೋ ಹತ್ತು ಸಾಲಿನ ಒಂದು ಸ್ಕ್ರಿಪ್ಟ್, ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಇದೇ, ಖರ್ಚು ಸೊನ್ನೆ. ಮೂರು ತಿಂಗಳಿಗೊಮ್ಮೆ ಚೀಟಿ ಎತ್ತಿ ಯಾರೋ ಒಬ್ರ ಮೇಲ್‌ಬಾಕ್ಸ್ ನಿಜವಾಗ್ಲೂ ರಿಸ್ಟೋರ್ ಮಾಡಿ ಅವ್ರನ್ನೇ ಕರೆದು ತೋರಿಸ್ತೀವಿ.

2022ರ ಜನವರಿ 1ರ ಬೆಳಿಗ್ಗೆ ಇದೇ ಪಾಠ ಇನ್ನೊಂದು ವೇಷದಲ್ಲಿ ಬಂತು. ಎಕ್ಸ್‌ಚೇಂಜಿನ ಮಾಲ್‌ವೇರ್ ಸ್ಕ್ಯಾನರ್ ತನ್ನ ವರ್ಷನ್ ನಂಬರನ್ನ ತಾರೀಖಿನಿಂದ ಮಾಡ್ಕೊಂತಿತ್ತು, ವರ್ಷ ಬದಲಾಗಿ ಅದು 2201010001 ಆಯ್ತು, ಆದ್ರೆ ಆ ನಂಬರ್ ಇಡೋಕೆ ಪ್ರೋಗ್ರಾಮಲ್ಲಿದ್ದ ಜಾಗದಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ 2147483647. ಪ್ರಪಂಚದ ತುಂಬಾ 2016 ಮತ್ತೆ 2019 ಸರ್ವರ್‌ಗಳಲ್ಲಿ ಮೇಲ್ ಕ್ಯೂನಲ್ಲೇ ನಿಂತೋಯ್ತು. ನಮ್ಮ ಅಷ್ಟೂ ಸರ್ವರ್ ಒಂದೇ ಸಲ, ಒಂದೇ ಕಾರಣಕ್ಕೆ. ಎಲ್ಲಿಗೆ ಅಂತ ಫೇಲೋವರ್ ಮಾಡೋದು, ಅಂದ್ರೆ ಯಾವ ಸರ್ವರಿಗೆ ಅಂತ ದಾಟಿಸೋದು? ಅದೃಷ್ಟಕ್ಕೆ ಮೇಲ್ ಕಳೆದಿರ್ಲಿಲ್ಲ, ಸ್ಕ್ಯಾನರ್ ಆಫ್ ಮಾಡಿದ್ಮೇಲೆ ಕ್ಯೂ ಹರಿದು ಹೋಯ್ತು, ಹೊಸ ವರ್ಷದ ವಿಶ್ ಎಲ್ಲಾ ಒಟ್ಟಿಗೆ ಬಂದು ಬಿದ್ವು.

ಎಕ್ಸ್‌ಚೇಂಜ್ 2016, 2019 ಎರಡರ ಸಪೋರ್ಟೂ 2025ರ ಅಕ್ಟೋಬರ್ 14ಕ್ಕೆ ಮುಗೀತು, ನಮ್ಮ ಮೇಲ್‌ಬಾಕ್ಸ್‌ಗಳು ಅಷ್ಟರೊಳಗೆ ಕ್ಲೌಡ್ ಸೇರ್ಕೊಂಡ್ವು. ಮೀಟಿಂಗಲ್ಲಿ ಮತ್ತೆ ಅದೇ ಪ್ರಶ್ನೆ, ಈಗ ಕ್ಲೌಡಲ್ಲಿ ಇದೆಯಲ್ಲ, ಬ್ಯಾಕಪ್ ಬೇಕಾ? ಅಲ್ಲೂ ಅಳಿಸಿದ ಮೇಲ್ ಡೀಫಾಲ್ಟ್ 14 ದಿನ, ಜಾಸ್ತಿ ಅಂದ್ರೆ 30 ದಿನಕ್ಕೆ ಹಾಕ್ಕೋಬಹುದು, ಹೋಲ್ಡ್ (ಅಳಿಸಿದ್ರೂ ಉಳಿಸ್ಕೋ ಅನ್ನೋ ಸೆಟ್ಟಿಂಗ್) ಹಾಕಿಲ್ದೇ ಇದ್ರೆ ಆಮೇಲೆ ಇಲ್ಲ. ನಾನು ಏನೂ ವಾದ ಮಾಡ್ಲಿಲ್ಲ, ರಾಜಾಜಿನಗರದ ಸಪ್ಲೈಯರ್ ಹೆಸರು ಹೇಳ್ದೆ. ಬಜೆಟ್ ಪಾಸ್ ಆಯ್ತು.

ಆ ಗುರುವಾರ ತಂದ 4 ಟಿಬಿ ಡಿಸ್ಕಿಗೆ ಶನಿವಾರದ ಪೂಜೇಲಿ ಸರ್ವರ್‌ಗಳ ಜೊತೆ ಅರಿಶಿನ ಕುಂಕುಮ ಹಚ್ಚಿದ್ವಿ, ಊದುಬತ್ತಿ ಹೊಗೆಗೆ ಸ್ಮೋಕ್ ಡಿಟೆಕ್ಟರ್ ಕೂಗ್ಕೊಂಡು ಸೆಕ್ಯೂರಿಟಿಯವ್ರು ಓಡಿ ಬಂದಿದ್ರು. ಈಗ ರ‍್ಯಾಕ್ ಖಾಲಿ, ಡಿಸ್ಕ್ ನನ್ನ ಡ್ರಾಯರಲ್ಲಿದೆ, ಎಸ್‌ಪಿ ರೋಡಿನ ಆ ಕ್ಯಾಡಿ ಸಮೇತ. ಹೋದ ಆಯುಧ ಪೂಜೆಗೆ ಸರ್ವರ್ ರೂಮಲ್ಲಿ ಪೂಜೆ ಮಾಡೋಕೆ ಏನೂ ಇಲ್ವಲ್ಲ ಅಂತ ಪುರೋಹಿತ್ರು ನಿಂತಿದ್ದಾಗ ಅದನ್ನೇ ತೆಗೆದು ಮುಂದಿಟ್ಟೆ. ಹುಡುಗ ಕುಂಬಳಕಾಯಿ ಒಡೆದು ಬಂದು ಕುಂಕುಮ ಹಚ್ದ, ಎರಡು ಬೊಟ್ಟು, ಒಂದು ಆ ಕಡೆ ಒಂದು ಈ ಕಡೆ. "ಏನೋ ಇದು?" ಅಂದೆ. "ಕೋಟ್ಸು ಸರ್" ಅಂದ.